ಇಪ್ಪತ್ತೆಂಟನೇ ನಂಬರಿನ ಸೀಸೆ

ಟಿಲ್ಬರಾ ಊರು ಇನ್ನೂ ನಲವತ್ತು ಮೈಲಿ ಇರುವಾಗ ವಿನ್ನಿ ಕಾರು ನಿಧಾನ ಮಾಡಿ, ಒಂದು ಕಾಂಗರೂ ರಸ್ತೆ ದಾಟುವವರೆಗೆ ಕಾದು, ಆಮೇಲೆ ಅಮ್ಮನ ಹುಟ್ಟುಹಬ್ಬದ ಗುಟ್ಟು ಬಿಟ್ಟಳು.

"ಬರೀ ಟೀ ಕುಡಿಸೋಕೆ ಇಷ್ಟು ದೂರ ಕರ್ಕೊಂಡು ಬಂದೆ ಅಂದ್ಕೊಂಡ್ಯಾ ಅಮ್ಮ? ಹಾರೋ ಡಾಕ್ಟರ ಮ್ಯೂಸಿಯಂ ಮಾಡಿದ್ದಾರಲ್ಲ, ಅಲ್ಲಿ ಹಳೇ ರೇಡಿಯೋ ಟೇಪುಗಳನ್ನೆಲ್ಲ ಸರಿಮಾಡಿ ಇಟ್ಟಿದ್ದಾರಂತೆ. ಗುಂಡಿ ಒತ್ತಿದ್ರೆ ಸಾಕು, ನಿನ್ನ ಪ್ರಾಯದ ದನಿ ಕೇಳಿಸುತ್ತೆ. ನಂಗೆ ಜ್ವರ ಬಂದಿತ್ತಲ್ಲ, ಆವತ್ತಿಂದೂ ಇದೆ. ಫೋನ್ ಮಾಡಿ ವಿಚಾರಿಸಿ ಇಟ್ಟಿದ್ದೀನಿ."

ಐಲ್ಸಾ ಪರ್ಡಿ ತೊಡೆಯ ಮೇಲಿದ್ದ ಕೈಚೀಲದ ಕೊಂಡಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅವಳಿಗೆ ಆ ದಿನಕ್ಕೆ ಎಂಬತ್ತು ತುಂಬಿತ್ತು. ಅಡಿಗೆಮನೆಗೆ ನುಗ್ಗಿದ ಕಂದುಹಾವನ್ನು ಸಲಿಕೆಯಿಂದ ಎರಡು ತುಂಡು ಮಾಡಿದವಳು, ಗಂಡ ಸತ್ತ ಮಾರನೆಯ ದಿನವೇ ದನ ಒಟ್ಟುಗೂಡಿಸುವವರಿಗೆ ರೊಟ್ಟಿ ಸುಟ್ಟುಕೊಟ್ಟವಳು. ಸುತ್ತ ಮುನ್ನೂರು ಮೈಲಿಯಲ್ಲಿ ಗಟ್ಟಿಗಿತ್ತಿ ಎಂದು ಹೆಸರು. ಹೆಸರಿಟ್ಟವರು ಈಗ ಅವಳ ಕೈ ನೋಡಬೇಕಿತ್ತು.

"ಏನಮ್ಮ, ಚಳಿನಾ? ಏಸಿ ಕಮ್ಮಿ ಮಾಡ್ಲಾ?"

"ಮಾಡು," ಎಂದಳು ಐಲ್ಸಾ. ಹೊರಗೆ ಬಿಸಿಲು ನಲವತ್ತೊಂದು ಡಿಗ್ರಿ.

ಐವತ್ತೆಂಟು ವರ್ಷದ ಹಿಂದೆ ಅವಳು ಆ ರೇಡಿಯೋದಲ್ಲಿ ಒಂದು ಸುಳ್ಳು ಹೇಳಿದ್ದಳು. ಎರಡು ಮಾತಿನ ಸುಳ್ಳು. ಅದಕ್ಕೆ ತೆತ್ತದ್ದು ವಿನ್ನಿಯ ಬಲಗಿವಿ ಎಂದು ಅವಳು ಅಂದಿನಿಂದ ನಂಬಿಕೊಂಡು ಬಂದಿದ್ದಳು. ವಿನ್ನಿಗೆ ಇದು ಗೊತ್ತಿಲ್ಲ. ಗೊತ್ತಾದ ದಿನ ಈ ಮಗಳು ತನ್ನನ್ನು ಅಮ್ಮ ಎಂದು ಕರೆಯುವುದನ್ನು ನಿಲ್ಲಿಸುತ್ತಾಳೆ ಎಂಬುದರಲ್ಲಿ ಐಲ್ಸಾಗೆ ಸಂಶಯವೇ ಇರಲಿಲ್ಲ. ಏಕೆಂದರೆ ಆ ಹೆಸರು ಅವಳಿಗೆ ಹೆತ್ತು ಬಂದದ್ದಲ್ಲ.

ಮುಂಡಾರಾ ಎಂಬುದು ಒಂದು ದನದ ಸ್ಟೇಷನ್. ಒಂದು ತಾಲ್ಲೂಕಿನಷ್ಟು ಕೆಂಪು ಬಯಲು, ಹತ್ತು ಸಾವಿರ ದನ, ತಗಡಿನ ಮಾಡಿನ ಒಂದು ಮನೆ. ಐಲ್ಸಾ ಅಲ್ಲಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆಲಸಕ್ಕೆ ಬಂದವಳು. ಯಜಮಾನ ಕ್ಲೆಮ್ ಪರ್ಡಿಯ ಹೆಂಡತಿ ಇಸೊಬೆಲ್ ಹಾವು ಕಚ್ಚಿ ತೀರಿಕೊಂಡು ಆರು ತಿಂಗಳಾಗಿತ್ತು. ಅವಳ ಮಗಳು, ಮೂರು ವರ್ಷದ ವಿನ್ನಿ, ಹೊಸ ಕೆಲಸದವಳ ಬೆನ್ನು ಬಿಡದೆ ಓಡಾಡುತ್ತಿತ್ತು ಎಂದು ಬರೆದರೆ ಚಂದ. ಆದರೆ ಹಾಗಾಗಲಿಲ್ಲ. ಆ ಹುಡುಗಿ ಇವಳನ್ನು ಕಂಡರೆ ಮೇಜಿನ ಕೆಳಗೆ ಸೇರುತ್ತಿತ್ತು. ಎರಡು ವರ್ಷದ ಮೇಲೆ ಕ್ಲೆಮ್ ಇವಳನ್ನು ಮದುವೆಯಾದಾಗಲೂ ಅದು "ಐಲ್ಸಾ" ಎಂದೇ ಹೆಸರು ಹಿಡಿದು ಕರೆಯಿತು. ಕ್ಲೆಮ್ ಗದರಿದರೆ, "ನಮ್ಮಮ್ಮ ಬೇರೆ," ಎನ್ನುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ರೇಡಿಯೋ. ಅದು ಸ್ಟೇಷನ್ನುಗಳವರೆಲ್ಲ ಒಂದೇ ಅಲೆಯಲ್ಲಿ ಮಾತಾಡುವ, ಕೇಳುವ ಸೆಟ್ಟು, ತನ್ನ ಮಾತು ಮುಗಿದರೆ ಓವರ್ ಎನ್ನಬೇಕು. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ ಹೊತ್ತು. ವಿಮಾನದಲ್ಲಿ ಹಾರಿ ಬಂದು ರೋಗಿಗಳನ್ನು ನೋಡುವ ಡಾಕ್ಟರು ಟಿಲ್ಬರಾದ ಬೇಸಿನಲ್ಲಿ, ಎಂದರೆ ತಮ್ಮ ಠಾಣೆಯಲ್ಲಿ, ಕೂತು ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಮಿಕ್ಕವರೆಲ್ಲ ತಮ್ಮ ತಮ್ಮ ಅಡಿಗೆಮನೆಯಲ್ಲಿ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದರು. ಯಾರಿಗೆ ಮೂಲವ್ಯಾಧಿ, ಯಾರು ಮುಟ್ಟು ನಿಂತವರು ಎಂಬುದು ಗಂಡನಿಗಿಂತ ಮೊದಲು ಇನ್ನೂರು ಮೈಲಿ ಆಚೆಯವರಿಗೆ ಗೊತ್ತಾಗುತ್ತಿತ್ತು. ಅದು ಮುಗಿದ ಮೇಲೆ ಹೆಂಗಸರ ಹರಟೆ, ಅದಕ್ಕೆ ಅಲ್ಲಿ ಗಿಳಿಹೊತ್ತು ಎಂದೇ ಹೆಸರು. ಐಲ್ಸಾ ಮದುವೆಯಾದ ವಾರ ಯಾಲ್ಕಾ ಸ್ಟೇಷನ್ನಿನ ಥೋರಾ ಗ್ಯಾರಿಕ್ ಗಿಳಿಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ, "ಮುಂಡಾರಾದಲ್ಲಿ ಅಡಿಗೆಮನೆಯವರಿಗೆ ನಡುಮನೆಗೆ ಬಡ್ತಿ ಸಿಕ್ತಂತೆ. ಓವರ್," ಎಂದಿದ್ದಳು. ಥೋರಾಳ ನಾಲಿಗೆಗೆ ಹೆದರದವರು ಆ ಸೀಮೆಯಲ್ಲಿ ಇರಲಿಲ್ಲ. ಅವಳ ಗಂಡನೂ ಹೆದರುತ್ತಿದ್ದ.

ಇನ್ನು ಔಷಧಿ ಪೆಟ್ಟಿಗೆ. ಪ್ರತಿ ಸ್ಟೇಷನ್ನಿನಲ್ಲೂ ಹಸಿರು ಬಣ್ಣದ, ಬೀಗ ಹಾಕಿದ ಒಂದು ಪೆಟ್ಟಿಗೆ. ಒಳಗೆ ಸಾಲು ಸಾಲು ಸೀಸೆ, ಸೀಸೆಗೆ ಹೆಸರಿಲ್ಲ, ನಂಬರು. ಡಾಕ್ಟರು ರೇಡಿಯೋದಲ್ಲಿ ನಂಬರು ಹೇಳಬೇಕು, ನೀವು ತೆಗೆದು ಕೊಡಬೇಕು. ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಡಾಕ್ಟರ ಅಪ್ಪಣೆಯಿಲ್ಲದೆ ಮುಟ್ಟಬಾರದು, ಪ್ರಾಣಿಗಳಿಗೆ ಕೊಡಬಾರದು ಎಂದು. ಆ ಎರಡನೆಯ ಮಾತನ್ನು ಅಷ್ಟು ದಪ್ಪಗೆ ಯಾಕೆ ಬರೆದರೆಂದರೆ, ಎಲ್ಲರೂ ಕೊಡುತ್ತಿದ್ದರು. ಹತ್ತಿರದ ದನದ ಡಾಕ್ಟರು ಎರಡು ದಿನದ ದಾರಿ.

ಸಾವಿರದ ಒಂಬೈನೂರ ಅರವತ್ತಮೂರರ ಜನವರಿಯಲ್ಲಿ ಇಸೊಬೆಲ್‌ಳ ಕುದುರೆ ಮರಿ ಹಾಕಿ ಸತ್ತಿತು. ಕ್ಲೆಮ್ ದನ ಒಟ್ಟುಗೂಡಿಸಲು ಹೊರಟು ನಿಂತಿದ್ದ. ಕುದುರೆ ಹತ್ತುತ್ತಿದ್ದವನು, "ಆ ಮರಿ ಒಂದು ಉಳಿಸು ಐಲ್ಸಾ. ಅವಳಮ್ಮಂದು ಅಂತ ವಿನ್ನಿಗೆ ಉಳಿದಿರೋದು ಅದೊಂದೇ," ಎಂದು ಹೇಳಿ ಹೋದ. ವಾರಕ್ಕೆ ಮರಿಯ ಹೊಕ್ಕುಳು ಕೀವಾಯಿತು, ಕಾಲು ಊದಿ ಅದು ಮಲಗಿಬಿಟ್ಟಿತು. ವಿನ್ನಿ ಅದರ ಕುತ್ತಿಗೆ ತಬ್ಬಿಕೊಂಡು ಕೂತು, "ಇದೂ ಸಾಯುತ್ತಾ?" ಎಂದು ಕೇಳಿತು. ಐಲ್ಸಾ ಪೆಟ್ಟಿಗೆಯ ಬೀಗ ತೆಗೆದಳು. ಇಪ್ಪತ್ತೆಂಟನೇ ನಂಬರಿನ ಮಾತ್ರೆಯನ್ನು ಹಾಲಿನಲ್ಲಿ ಅರೆದು ಹತ್ತು ದಿನ ಕುಡಿಸಿದಳು. ಹನ್ನೊಂದನೆಯ ದಿನ ಮರಿ ಎದ್ದು ನಿಂತಿತು. ವಿನ್ನಿ ಅದಕ್ಕೆ ಬಿಸ್ಕತ್ ಎಂದು ಹೆಸರಿಟ್ಟಳು. ಹಿಗ್ಗು ತಡೆಯಲಾರದೆ ಐಲ್ಸಾ ಗಿಳಿಹೊತ್ತಿನಲ್ಲಿ ಮರಿ ಎದ್ದ ಸುದ್ದಿ ಹೇಳಿಯೂ ಬಿಟ್ಟಳು. ಸೀಸೆಯಲ್ಲಿ ಮೂರು ಮಾತ್ರೆ ಉಳಿದಿದ್ದವು. ಮಳೆ ಕಳೆದ ಮೇಲೆ ಏನಾದರೂ ನೆವ ಹೇಳಿ ತರಿಸಿದರಾಯಿತು ಎಂದುಕೊಂಡಳು.

ಮಳೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಮಳೆ ಆ ಫೆಬ್ರವರಿಯಲ್ಲಿ ಒಂದೇ ವಾರದಲ್ಲಿ ಸುರಿಯಿತು. ವಿಮಾನ ಇಳಿಯುವ ಪಟ್ಟಿ ಕೆರೆಯಾಯಿತು. ಕ್ಲೆಮ್ ನದಿಯ ಆಚೆ ಸಿಕ್ಕಿಬಿದ್ದ. ಮನೆಯಲ್ಲಿ ಉಳಿದವರು ಐಲ್ಸಾ, ಆರು ವರ್ಷದ ವಿನ್ನಿ, ಕುದುರೆ ನೋಡಿಕೊಳ್ಳುವ ಮುದುಕ ಡಿನ್ನಿ. ಆಗಲೇ ವಿನ್ನಿಗೆ ನೂರ ನಾಲ್ಕು ಡಿಗ್ರಿ ಜ್ವರ, ಬಲಗಿವಿಯ ಹಿಂದೆ ನಿಂಬೆಹಣ್ಣಿನ ಗಾತ್ರದ ಊತ.

ಡಾಕ್ಟರು ಎಲ್ಲ ಕೇಳಿಕೊಂಡು, "ಇಪ್ಪತ್ತೆಂಟನೇ ನಂಬರು. ಈಗ ಎರಡು, ಆಮೇಲೆ ನಾಲ್ಕು ಗಂಟೆಗೊಂದು, ಐದು ದಿನ. ಸೀಸೆ ತುಂಬಿದೆ ತಾನೆ? ಓವರ್," ಎಂದರು.

ಐಲ್ಸಾಗೆ ಇಪ್ಪತ್ತೆರಡು ವರ್ಷ. ಅವಳ ಬಾಯಿಯ ಮುಂದೆ ಮೈಕು, ಮೈಕಿನ ಆಚೆ ಮೂವತ್ತು ಅಡಿಗೆಮನೆ, ಒಂದರಲ್ಲಿ ಥೋರಾ. ಮಲತಾಯಿ ಮಗುವಿನ ಔಷಧಿಯನ್ನು ಕುದುರೆಗೆ ಹಾಕಿದಳಂತೆ ಎಂಬ ಮಾತು ಹುಟ್ಟಿ, ನಡೆದು, ಕ್ಲೆಮ್‌ನ ಕಿವಿ ಮುಟ್ಟುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ತುಂಬಿದೆ ಡಾಕ್ಟರ್. ಓವರ್."

ಹೇಳಿದವಳೇ ಸೆಟ್ಟು ಆರಿಸಿ ಮಗುವಿನ ಹತ್ತಿರ ಓಡಿದಳು. ಮೂರು ಮಾತ್ರೆ ಆ ಸಂಜೆಗೇ ಮುಗಿದವು. ಆಮೇಲೆ ಒದ್ದೆ ಬಟ್ಟೆ, ಪ್ರಾರ್ಥನೆ. ಮರುದಿನ ಡಾಕ್ಟರು ಕೇಳಿದಾಗ, ಕೊಡುತ್ತಿದ್ದೇನೆ ಎಂದಳು. ಒಂದು ಸುಳ್ಳಿಗೆ ಇನ್ನೊಂದು ಆಸರೆ ಬೇಕಲ್ಲ. ಮೂರನೆಯ ಬೆಳಿಗ್ಗೆ ವಿಮಾನ ಆರು ಮೈಲಿ ಆಚೆಯ ಕಲ್ಲುದಿಣ್ಣೆಯ ಮೇಲೆ ಇಳಿಯಿತು. ಅಲ್ಲಿ ಯಾರೋ ಬಿಳಿ ಹಾಸಿಗೆವಸ್ತ್ರ ಹಾಸಿ ಗುರುತು ಮಾಡಿದ್ದರು, ಕ್ಲೆಮ್‌ನ ಕಡೆಯವರಿರಬೇಕು ಎಂದುಕೊಂಡಳು. ಡಿನ್ನಿ ಕೆಸರಿನಲ್ಲಿ ಟ್ರಾಕ್ಟರು ಓಡಿಸಿ ಮಗುವನ್ನು ಅಲ್ಲಿಗೆ ಮುಟ್ಟಿಸಿದ. ಜೀವ ಉಳಿಯಿತು. ಬಲಗಿವಿ ಪೂರ್ತಿ ಕಿವುಡಾಯಿತು. "ಆ ಮಾತ್ರೆಗೆ ಜ್ವರ ಬಗ್ಗಬೇಕಾಗಿತ್ತು, ಕೆಲವು ಮಕ್ಕಳ ಮೈಗೆ ಹಿಡಿಯೋದಿಲ್ಲ," ಎಂದರು ಡಾಕ್ಟರು, ಅವಳ ಮುಖ ನೋಡದೆ.

ಆಸ್ಪತ್ರೆಯಿಂದ ಬಂದ ದಿನವೇ ವಿನ್ನಿ ಅವಳನ್ನು ಮೊದಲ ಸಲ ಅಮ್ಮ ಎಂದು ಕರೆದದ್ದು. ಅಷ್ಟು ರಾತ್ರಿ ನಿದ್ದೆಗೆಟ್ಟು ಪಕ್ಕದಲ್ಲಿ ಕೂತಿದ್ದವಳು ಅಮ್ಮನಲ್ಲದೆ ಇನ್ನೇನು ಎಂದು ಮಗು ತನ್ನಷ್ಟಕ್ಕೆ ಲೆಕ್ಕ ಹಾಕಿತ್ತು. ಐಲ್ಸಾ ಕೊಟ್ಟಿಗೆಗೆ ಹೋಗಿ ವಾಂತಿ ಮಾಡಿಕೊಂಡಳು.

ಅಂದಿನಿಂದ ಅವಳು ಎಲ್ಲಿ ನಡೆದರೂ ವಿನ್ನಿಯ ಎಡಕ್ಕೆ ನಡೆದಳು, ಊಟಕ್ಕೆ ಎಡಕ್ಕೆ ಕೂತಳು. ಎಂಥ ತಾಯಿ ಎಂದರು ಜನ. ನಲವತ್ತು ವರ್ಷ ಹಾರುವ ಡಾಕ್ಟರಿಗೆಂದು ಹಣ್ಣಿನ ಕೇಕು ಬೇಯಿಸಿ ಮಾರಿ ಕೊಟ್ಟಳು, ಹೊಸದಾಗಿ ಬಂದ ಹೆಂಡಿರಿಗೆ ಔಷಧಿ ಪೆಟ್ಟಿಗೆ ಇಟ್ಟುಕೊಳ್ಳುವುದನ್ನು ಕಲಿಸಿದಳು. ಆದರೆ ಬಿಸ್ಕತ್ ಎಂಬ ಆ ಕುದುರೆಯನ್ನು, ಅದು ಬದುಕಿದ್ದ ಹದಿನೆಂಟು ವರ್ಷವೂ, ಒಂದು ದಿನ ಕೈಯಿಂದ ಮುಟ್ಟಲಿಲ್ಲ.

ಮ್ಯೂಸಿಯಂ ಹಳೆಯ ಬೇಸಿನ ಕಟ್ಟಡದಲ್ಲೇ ಇತ್ತು. ಬಾಗಿಲು ದಾಟುತ್ತಲೇ ಗೋಡೆಯ ಮೇಲೆ ಐಲ್ಸಾಳದೇ ಪಟ. ಕೈಯಲ್ಲಿ ಕೇಕಿನ ತಟ್ಟೆ, ಕೆಳಗೆ ನಾಲ್ಕು ಸಾಲು ಹೊಗಳಿಕೆ. ವಿನ್ನಿ ಅದರ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದಳು.

"ನಗಮ್ಮ. ಹಲ್ಲು ಕಟ್ಟಿಸಿದ್ದು ಯಾಕೆ ಮತ್ತೆ?"

ಐಲ್ಸಾ ನಕ್ಕಳು.

ಕಂಬಳಿ ಹೊದಿಸಿದ ಸ್ಟ್ರೆಚರು, ರೆಕ್ಕೆ ಕತ್ತರಿಸಿ ನಿಲ್ಲಿಸಿದ ಅರ್ಧ ವಿಮಾನ, ಗಾಜಿನೊಳಗೆ ಹಸಿರು ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಿದ್ದರು. ಐಲ್ಸಾಳ ಕಣ್ಣು ಬೇಡವೆಂದರೂ ಮೂರನೆಯ ಸಾಲಿಗೇ ಹೋಯಿತು. ಅಲ್ಲಿ ಇಪ್ಪತ್ತೆಂಟು ತುಂಬಿ ಕೂತಿತ್ತು. ಒಬ್ಬ ಹೆಂಗಸು ಅದನ್ನೇ ಬೆರಳು ಮಾಡಿ ತನ್ನ ಗಂಡನಿಗೆ ಏನೋ ಹೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ತನ್ನ ವಿಷಯವೇ ಇರಬೇಕೆಂದು ಐಲ್ಸಾ ಪಕ್ಕಕ್ಕೆ ಸರಿದಳು. ಅವರು ಬಣ್ಣದ ವಿಷಯ ಮಾತಾಡುತ್ತಿದ್ದರು.

ಕೊನೆಯ ಕೋಣೆಯಲ್ಲಿ ರೇಡಿಯೋ. ಬಾಗಿಲಲ್ಲಿ ಒಬ್ಬ ಮುದುಕ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಕೂತಿದ್ದ.

"ಕಾಲು ನೋವು ವಿನ್ನಿ," ಎಂದಳು ಐಲ್ಸಾ. "ಟೀ ಕುಡಿದು ಹೊರಡೋಣ. ಸ್ಕೋನ್ ಬನ್ನಿಗೆ ಒಳ್ಳೇ ಜಾಮ್ ಇರುತ್ತಂತೆ ಇಲ್ಲಿ."

ಮುದುಕ ತಲೆಯೆತ್ತಿದ. "ಮುಂಡಾರಾ," ಎಂದ. ಕೇಳಲಿಲ್ಲ, ಹೇಳಿದ. "ನೀವು ಮುಂಡಾರಾದವರು. ನಾನು ಪ್ಯಾಸ್ಕೋ. ಅರವತ್ತೊಂದರಿಂದ ಈ ಬೇಸಿನ ಮೈಕು ಹಿಡಿದವನು ನಾನೇ. ಮುಖ ಪಟದಲ್ಲಿ ಬಿಟ್ರೆ ಇವತ್ತೇ ನೋಡ್ತಿರೋದು. ದನಿ ಮರೆಯೋದುಂಟಾ?"

ವಿನ್ನಿಗೆ ಹಬ್ಬವಾಯಿತು. "ಫೋನ್ ಮಾಡಿದ್ದು ನಾನೇ ಸಾರ್. ಅರವತ್ತಮೂರು, ಫೆಬ್ರವರಿ."

"ಗೊತ್ತು," ಎಂದ ಪ್ಯಾಸ್ಕೋ. ಐಲ್ಸಾಳ ಕಡೆ ತಿರುಗಿ, "ಕೇಳೋದಾದ್ರೆ ಪೂರ್ತಿ ಕೇಳಿ ಅಮ್ಮ. ಅರ್ಧಕ್ಕೆ ಕೆಳಗಿಡಬೇಡಿ," ಎಂದ.

ಐಲ್ಸಾ ಅವನ ಎದೆಯ ಬಿಲ್ಲೆಯನ್ನೇ ನೋಡಿದಳು. ಇವನಿಗೆ ಗೊತ್ತು. ಡಾಕ್ಟರ ಪಕ್ಕ ಕೂತು ಎಲ್ಲ ಕೇಳಿದ್ದಾನೆ. ಅವಳು ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೊರಬಂದಳು. ಗೋಡೆ ಹಿಡಿದುಕೊಂಡು ನಿಂತಳು. ಮುಖಕ್ಕೆ ನೀರು ಹಾಕಿಕೊಂಡಳು. ಇಲ್ಲೇ ಬಿದ್ದರೆ ಒಳ್ಳೆಯದು, ಹೇಗೂ ಆಂಬುಲೆನ್ಸು ಬರುತ್ತದೆ, ಟೇಪಿನ ವಿಷಯ ಮರೆತುಹೋಗುತ್ತದೆ ಎಂದೂ ಯೋಚಿಸಿದಳು. ಬೀಳುವುದಕ್ಕೂ ಧೈರ್ಯ ಬೇಕು. ಆಗ ಮೂಲೆಯ ಬಾಗಿಲಿಗೆ ತೂಗುಹಾಕಿದ್ದ ಹಲಗೆ ಕಂಡಿತು. ಕೆಟ್ಟಿದೆ, ಬಳಸಬೇಡಿ.

ಎಂಬತ್ತು ವರ್ಷದ, ಗೋಡೆಯ ಮೇಲೆ ಪಟವಿರುವ ಐಲ್ಸಾ ಪರ್ಡಿ ಆ ಹಲಗೆ ಕದ್ದಳು. ಸ್ವೆಟರಿನ ಒಳಗೆ ಸಿಕ್ಕಿಸಿಕೊಂಡು ಬಂದು, ವಿನ್ನಿ ವಿಮಾನದ ಚಿತ್ರ ನೋಡುತ್ತಿದ್ದಾಗ, ಅದನ್ನು ರೇಡಿಯೋದ ಗುಂಡಿಗೆ ನೇತುಹಾಕಿದಳು.

"ಅಯ್ಯೋ, ಕೆಟ್ಟಿದ್ಯಂತೆ ವಿನ್ನಿ. ಏನು ಮಾಡೋಕಾಗುತ್ತೆ. ಬಾ."

ಪ್ಯಾಸ್ಕೋ ಎದ್ದು ಬಂದು ಹಲಗೆಯನ್ನು ತಿರುಗಿಸಿ ನೋಡಿದ. "ಇದು ಹೆಂಗಸರ ಪಾಯಿಖಾನೆದಲ್ವಾ?" ಎಂದ. ಮತ್ತೇನೂ ಅನ್ನದೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದ.

ವಿನ್ನಿ ನಗುತ್ತಿದ್ದವಳು ಅಮ್ಮನ ಮುಖ ನೋಡಿ ನಿಲ್ಲಿಸಿದಳು. "ಏನಮ್ಮ ಇದು? ನಿನ್ನ ದನಿ ಕೇಳೋಕೆ ನಿಂಗ್ಯಾಕೆ ಇಷ್ಟು ಭಯ?"

ವಿನ್ನಿ ಫೋನಿನಂಥ ಕಪ್ಪು ಕೊಳವೆ ಎತ್ತಿ ಎಡಗಿವಿಗೆ ಇಟ್ಟುಕೊಂಡಳು. ಬೆರಳು ಗುಂಡಿಯ ಮೇಲೆ ಹೋಯಿತು. ಐಲ್ಸಾ ಎಂದಿನಂತೆ ಎಡಕ್ಕೇ ನಿಂತಿದ್ದಳು, ಒಳ್ಳೆಯ ಕಿವಿಯ ಪಕ್ಕದಲ್ಲಿ. ಆ ಪುಟ್ಟ ಕೊಳವೆಯಿಂದ ಹೊರಡುವ ಮಾತು ಇನ್ನು ಒಂದು ಗಳಿಗೆಯಲ್ಲಿ ಒಳಗೆ ಹೋಗುತ್ತದೆ. ಅದನ್ನು ಟೇಪಿನ ಬಾಯಿಂದ ಕೇಳಿದರೆ ಮಗಳು ಇನ್ನು ಯಾವತ್ತೂ ತನ್ನ ಬಾಯಿಂದ ಏನನ್ನೂ ನಂಬುವುದಿಲ್ಲ. ಅದೊಂದು ಹೆದರಿಕೆ ಮಿಕ್ಕ ಹೆದರಿಕೆಗಳಿಗಿಂತ ದೊಡ್ಡದಾಯಿತು.

"ಅದನ್ನ ಕೆಳಗಿಡು," ಎಂದಳು. "ನಾನೇ ಹೇಳ್ತೀನಿ. ಆ ಸೀಸೆ ತುಂಬಿರಲಿಲ್ಲ ವಿನ್ನಿ."

"ಯಾವ ಸೀಸೆ?"

"ಡಾಕ್ಟ್ರು ಹೇಳಿದ್ದು. ನಿನ್ನ ಜ್ವರಕ್ಕೆ. ತುಂಬಿದೆ ಅಂದೆ. ಮೂರೇ ಇತ್ತು."

ವಿನ್ನಿ ಕೊಳವೆಯನ್ನು ಕಿವಿಯಿಂದ ಸ್ವಲ್ಪ ದೂರ ಮಾಡಿದಳು. "ಮಿಕ್ಕಿದ್ದು ಏನಾಯ್ತು?"

"ಬಿಸ್ಕತ್‌ಗೆ ಹಾಕಿದ್ದೆ. ಹಾಲಲ್ಲಿ."

ಅರವತ್ತನಾಲ್ಕು ವರ್ಷದ ಹೆಂಗಸಿನ ಮುಖದಲ್ಲಿ ಮೂರು ವರ್ಷದ ಹುಡುಗಿ ಮೇಜಿನ ಕೆಳಗಿನಿಂದ ನೋಡಿದ ನೋಟ ಬಂತು. ಐಲ್ಸಾ ಆ ನೋಟಕ್ಕೆ ಐವತ್ತೆಂಟು ವರ್ಷ ಕಾದಿದ್ದಳು. ಅದು ಬಂದಾಗ, ನೆನೆಸಿಕೊಂಡಿದ್ದಕ್ಕಿಂತ ಹೆಚ್ಚು ನೋಯಿತು.

ಆಮೇಲೆ ವಿನ್ನಿ ಗುಂಡಿ ಒತ್ತಿದಳು. ಕೊಳವೆಯನ್ನು ಇಬ್ಬರ ಮುಖದ ನಡುವೆ ಹಿಡಿದಳು.

ಗರಗರ ಸದ್ದು. ಪ್ರಾಯದ ಪ್ಯಾಸ್ಕೋ. ಡಾಕ್ಟರು. ಜ್ವರ, ಊತ, ನಂಬರು. ಸೀಸೆ ತುಂಬಿದೆ ತಾನೆ? ಓವರ್. ಐಲ್ಸಾಳ ನೆನಪಿನಲ್ಲಿ ಅವಳು ತಟ್ಟನೆ ಉತ್ತರ ಕೊಟ್ಟಿದ್ದಳು. ಟೇಪಿನಲ್ಲಿ ಹಾಗಿರಲಿಲ್ಲ. ತಗಡಿನ ಮೇಲೆ ಮಳೆಯ ಸದ್ದು, ಎಲ್ಲೋ ಮಗುವಿನ ಕೆಮ್ಮು, ಮತ್ತೆ ಮಳೆ. ಅಷ್ಟು ಹೊತ್ತಾದ ಮೇಲೆ ಒಂದು ಹುಡುಗಿಯ ದನಿ, ಎಳೆಯದು. "ತುಂಬಿದೆ ಡಾಕ್ಟರ್. ಓವರ್." ಟಕ್ ಎಂದು ಸೆಟ್ಟು ಆರಿತು.

ಐಲ್ಸಾ ಕಣ್ಣು ಮುಚ್ಚಿದಳು. ಟೇಪು ನಿಲ್ಲಲಿಲ್ಲ.

"ಬೇಸ್, ಯಾಲ್ಕಾ ಮಾತಾಡ್ತಿರೋದು. ಆ ಹುಡುಗಿ ಸೆಟ್ ಆರಿಸಿದ್ಲಾ? ಓವರ್." ಥೋರಾ ಗ್ಯಾರಿಕ್.

"ಆರಿಸಿದ್ದಾರೆ ಯಾಲ್ಕಾ. ಓವರ್."

"ಡಾಕ್ಟ್ರೇ, ಸೀಸೆ ಖಾಲಿ. ಅಷ್ಟು ಹೊತ್ತು ಯಾರಾದ್ರೂ ಸುಮ್ನಿರ್ತಾರಾ? ಕುದುರೆಮರಿಗೆ ಹಾಕಿರ್ತಾಳೆ, ಅದು ಎದ್ದು ನಿಂತ್ಕೊಂಡಿತು ಅಂತ ಮೊನ್ನೆ ಕುಣಿದಾಡ್ತಿದ್ಲು. ತಾನಾಗೇ ಎದ್ದು ನಿಲ್ಲುತ್ತಾ ಅದು? ನಾವೆಲ್ಲ ಹಾಕಿದವರೇ. ಹೋದ ವರ್ಷ ನಾನು ನಾಯಿಗೆ ಹಾಕಿದೆ, ಬೇಕಾದ್ರೆ ನನ್ನ ಹೆಸರು ಬರ್ಕೊಳ್ಳಿ. ಈಗ ಅವಳನ್ನ ವಾಪಸ್ ಕರೆದು ಕೇಳಬೇಡಿ. ಈ ನಾಲಿಗೆಗಳ ಮುಂದೆ ಅವಳು ಹೇಳ್ತಾಳಾ? ನನ್ನ ನಾಲಿಗೇನೂ ಸೇರಿಸಿ ಹೇಳ್ತಿದ್ದೀನಿ. ಓವರ್."

ಇನ್ನೊಂದು ಹೆಂಗಸಿನ ದನಿ, ನಮ್ಮಲ್ಲಿ ಹನ್ನೊಂದು ಮಾತ್ರೆ ಇದೆ ಎಂದಿತು. ಮತ್ತೊಂದು, ನಮ್ಮಲ್ಲಿ ಪೂರ್ತಿ ಸೀಸೆ ಇದೆ, ಆದರೆ ನದಿ ದಾಟೋರು ಯಾರು ಎಂದಿತು. ವಿಮಾನ ಇಳಿಸಲು ಒಣನೆಲ ಎಲ್ಲಾದರೂ ಇದ್ದರೆ ಹೇಳಿ ಎಂದರು ಡಾಕ್ಟರು.

"ಕಲ್ಲುದಿಣ್ಣೆ," ಎಂದಳು ಥೋರಾ. "ನೀರು ಇಳೀಲಿ, ನಮ್ಮ ಯಜಮಾನರು ಟ್ರಕ್ಕು ಓಡಿಸಿ ನೋಡ್ತಾರೆ. ಹೂತ್ಕೊಳ್ಳದಿದ್ರೆ ನನ್ನ ಹಾಸಿಗೆವಸ್ತ್ರ ಹಾಸಿರ್ತೀನಿ, ವಿಮಾನ ಅಲ್ಲಿಳಿಸಿ. ಇನ್ನೊಂದು ಮಾತು, ಎಲ್ಲ ಕೇಳಿಸ್ಕೊಳ್ತಿದ್ದೀರ ತಾನೆ? ಇದು ಗಿಳಿಹೊತ್ತಿಗೆ ಬರಕೂಡದು. ಇವತ್ತಲ್ಲ, ಯಾವತ್ತೂ. ಯಾರಾದ್ರೂ ಬಾಯಿಬಿಟ್ರೆ ಆಮೇಲೆ ನನ್ನ ಬಾಯಿ ನೋಡಬೇಕಾಗುತ್ತೆ. ಓವರ್."

ಟೇಪು ಮುಗಿಯಿತು.

ಆ ಜ್ವರದ ನಂತರ ಐಲ್ಸಾ ರೇಡಿಯೋ ಹಚ್ಚಿದಾಗಲೆಲ್ಲ ಹೆಂಗಸರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ತಾತ್ಸಾರ ಎಂದುಕೊಂಡಿದ್ದಳು. ಥೋರಾ ಮತ್ತೆಂದೂ ಅವಳನ್ನು ಚುಚ್ಚಲಿಲ್ಲ. ಚುಚ್ಚುವುದಕ್ಕೂ ಯೋಗ್ಯಳಲ್ಲವೆಂದು ಬಿಟ್ಟಳು ಎಂದುಕೊಂಡಿದ್ದಳು. ಥೋರಾ ತೀರಿಕೊಂಡಾಗ ಹೂವು ಕಳಿಸಿದಳೇ ಹೊರತು ಮಣ್ಣಿಗೆ ಹೋಗಲಿಲ್ಲ, ಹೆದರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಇವಳು ಐವತ್ತೆಂಟು ವರ್ಷ ಕುಡಿದಿದ್ದಳು, ಸೀಮೆಗೆ ಸೀಮೆಯೇ ನೋಡಿಯೂ ಮುಖ ತಿರುಗಿಸಿಕೊಂಡು ನಿಂತಿತ್ತು. ಐಲ್ಸಾಗೆ ಅಳು ಬಂತು. ಥೋರಾಳಿಗಾಗಿ ಅಳುವುದಕ್ಕೆ ಇಪ್ಪತ್ತೇಳು ವರ್ಷ ತಡವಾಗಿತ್ತು.

ವಿನ್ನಿ ಕೊಳವೆಯನ್ನು ಅದರ ಕೊಕ್ಕೆಗೆ ನೇತುಹಾಕಿದಳು.

"ಅದಕ್ಕೇ ನೀನು ಬಿಸ್ಕತ್‌ನ ಮುಟ್ತಿರಲಿಲ್ಲ," ಎಂದಳು. "ನಿಂಗೆ ಕುದುರೆ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ ನಾನು."

"ಹೂಂ."

"ಒಂದು ದಿನ ಹೇಳಬಹುದಿತ್ತಲ್ಲ. ನನ್ನ ಮದುವೆ ದಿನ, ಅಪ್ಪ ಸತ್ತಾಗ, ಯಾವತ್ತಾದ್ರೂ. ಒಂದೇ ಒಂದು ಸಲ."

"ಹೇಳಿದ್ದೀನಿ," ಎಂದಳು ಐಲ್ಸಾ. "ಎಷ್ಟೋ ಸಲ ಹೇಳಿದ್ದೀನಿ. ನೀನು ಎಡಕ್ಕೆ ಮಗ್ಗುಲಾಗಿ ನಿದ್ದೆ ಮಾಡ್ತಿರುವಾಗ. ಬಲಗಿವಿಗೆ."

ವಿನ್ನಿ ಅವಳನ್ನೇ ನೋಡಿದಳು. ಆಮೇಲೆ ತನ್ನ ಕೈಚೀಲ ಎತ್ತಿಕೊಂಡು ಅಮ್ಮನಿಗಾಗಿ ಕಾಯದೆ ಹೊರಗೆ ನಡೆದುಬಿಟ್ಟಳು.

ಐಲ್ಸಾ ಒಬ್ಬಳೇ ಕೂತಳು. ಇದೇ, ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಪ್ಯಾಸ್ಕೋ ಬಂದು ಒಂದು ಲೋಟ ನೀರು ಕೊಟ್ಟ. ಕುಡಿದಳು. "ಪೂರ್ತಿ ಕೇಳಿದ್ರಾ?" ಎಂದ. ಕೇಳಿದೆ ಎಂದಳು. "ನಮ್ಮನ್ನೆಲ್ಲ ಥೋರಾ ಹೆದರಿಸಿ ಇಟ್ಟಿದ್ಲು," ಎಂದ ಅವನು. "ಸತ್ತ ಮೇಲೂ ಬಾಯಿಬಿಡೋಕೆ ಧೈರ್ಯ ಬರಲಿಲ್ಲ."

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಾರು ಹೋಗಿಬಿಟ್ಟಿರುತ್ತದೆ ಎಂದು ಐಲ್ಸಾ ನಿಜವಾಗಿಯೂ ನಂಬಿದ್ದಳು. ಹೋಗಿರಲಿಲ್ಲ. ವಿನ್ನಿ ಕಾರಿಗೆ ಒರಗಿ, ತೋಳು ಕಟ್ಟಿಕೊಂಡು, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಐಲ್ಸಾ ಮೆಲ್ಲಗೆ ನಡೆದುಹೋಗಿ, ತಾನೇನು ಮಾಡುತ್ತಿದ್ದೇನೆಂದು ಗೊತ್ತಿಲ್ಲದೆಯೇ, ಅವಳ ಬಲಕ್ಕೆ ನಿಂತಳು.

"ನಾನು ಹೆದರಿಬಿಟ್ಟಿದ್ದೆ ಮಗಳೇ," ಎಂದಳು ಆ ಕಿವಿಗೆ.

ವಿನ್ನಿ ತಿರುಗಲಿಲ್ಲ. ಉಸಿರು ತಾಗಿರಬೇಕು.

"ನಂಗೆ ಸಿಟ್ಟು ಬಂದಿದೆ," ಎಂದಳು ರಸ್ತೆಯನ್ನೇ ನೋಡುತ್ತ. "ಬೇಗ ಹೋಗೋ ಸಿಟ್ಟಲ್ಲ. ಮನೆಗೆ ಹೋದ್ಮೇಲೂ ಇರುತ್ತೆ, ನಾಳೇನೂ ಇರುತ್ತೆ. ನೀನು ಸಹಿಸ್ಕೋಬೇಕು."

ಐಲ್ಸಾ ತಲೆಯ ಮೇಲೆ ಕೈಯಿಟ್ಟು ಬಿಸಿಲಿಗೆ ಮರೆ ಮಾಡಿಕೊಂಡು ನಿಂತಳು. ಏನು ಹೇಳಿದರೂ ಕೇಳಿಸದ ಕಡೆ ನಿಂತಿದ್ದೇನೆ ಎಂಬುದು ಆಗ ಅವಳ ಅರಿವಿಗೆ ಬಂತು.

"ಈ ಕಡೆ ಬಾ ಅಮ್ಮ," ಎಂದಳು ವಿನ್ನಿ. "ಆ ಕಡೆ ನಿಂತು ಹೇಳಿದ್ದು ಸಾಕು."

ಐಲ್ಸಾ ಕಾರಿನ ಮೂತಿ ಹಿಡಿದುಕೊಂಡು, ಸುತ್ತು ಹಾಕಿ, ಎಡಕ್ಕೆ ಬಂದು ನಿಂತಳು.